ಮೀನುಗಾರರ ಹಳ್ಳಿ ಎಂಬ ಸುಳ್ಳು

ಸ್ಪೇನ್ ದೇಶದ ಈಶಾನ್ಯ ಮೂಲೆಯಲ್ಲಿ, ಕತಲಾನ್ ಭಾಷೆ ಆಡುವ ನಾಡಿನಲ್ಲಿ, ಲ್ಯೊರೆತ್ ದೆ ಮಾರ್ ಎಂಬ ಕಡಲೂರಿದೆ. ಅಲ್ಲಿನ ತೀರದ ಒಂದು ತುದಿಯ ಬಂಡೆಯ ಮೇಲೆ ಕಂಚಿನ ಹೆಂಗಸೊಬ್ಬಳು ಸಮುದ್ರದ ಕಡೆಗೆ ಕೈಯೆತ್ತಿ ನಿಂತಿದ್ದಾಳೆ. ಶಿಲ್ಪಿ ಎರ್ನೆಸ್ತ್ ಮರಗಾಲ್. ನಿಲ್ಲಿಸಿದ್ದು 1966ರಲ್ಲಿ, ಊರಿನ ಹೆಸರು ದಾಖಲೆಯಲ್ಲಿ ಮೊದಲು ಕಾಣಿಸಿಕೊಂಡು ಸಾವಿರ ವರ್ಷವಾದ ನೆನಪಿಗೆ. ಅವಳ ಪಾದ ಮುಟ್ಟಿ, ಅವಳು ನೋಡುವ ದಿಕ್ಕಿಗೇ ನೋಡಿದರೆ ಬೇಡಿದ್ದು ಸಿಗುತ್ತದೆ ಎಂದು ಪ್ರವಾಸಿಗಳಿಗೆ ಹೇಳುತ್ತಾರೆ. ಕತಲಾನ್‌ನಲ್ಲಿ ಅವಳ ಹೆಸರು ‘ದೋನಾ ಮರಿನೇರಾ’, ಅಂದರೆ ನಾವಿಕರ ಮನೆಯ ಹೆಂಗಸು. ಇಂಗ್ಲಿಷ್ ಪ್ರವಾಸಿ ಪುಟಗಳಲ್ಲಿ ಹುಡುಕಿದರೆ ಅವಳು ಬಹುಪಾಲು ‘ಮೀನುಗಾರನ ಹೆಂಡತಿ’ ಆಗಿಬಿಟ್ಟಿರುತ್ತಾಳೆ.

ಒಂದು ಪದದ ತಪ್ಪು, ಇದಕ್ಕೇಕೆ ಇಷ್ಟು ರಂಪ ಎಂದು ಕೇಳಬಹುದು. ಆದರೆ ಇದು ನಿಘಂಟು ನೋಡದೆ ಮಾಡಿದ ತಪ್ಪಲ್ಲ. ಮೊದಲೇ ಮನಸ್ಸಿನಲ್ಲಿ ಸಿದ್ಧವಾಗಿದ್ದ ಒಂದು ಕತೆಗೆ ಪದವನ್ನು ಬಗ್ಗಿಸಿದ್ದರಿಂದ ಆದದ್ದು. ಆ ಕತೆ ಹೀಗಿದೆ: ಇದು ಒಂದು ಕಾಲದಲ್ಲಿ ಪುಟ್ಟ ಮೀನುಗಾರರ ಹಳ್ಳಿಯಾಗಿತ್ತು, ಆಮೇಲೆ ಪ್ರವಾಸಿಗಳು ಬಂದರು, ಈಗ ಹೋಟೆಲುಗಳಿವೆ. ಲ್ಯೊರೆತ್ ಬಗ್ಗೆ ಯಾವ ಭಾಷೆಯ ಯಾವ ಬ್ರೋಷರ್ ತೆಗೆದರೂ ಈ ಮೂರು ವಾಕ್ಯ ಸಿಗುತ್ತವೆ. ಟೂರ್ ಪ್ಯಾಕೇಜ್‌ನವರು ಹೊಗಳುವುದಕ್ಕೆ ಬಳಸುತ್ತಾರೆ, ಪ್ರವಾಸೋದ್ಯಮವನ್ನು ಬೈಯುವವರು ಮರುಗುವುದಕ್ಕೆ ಬಳಸುತ್ತಾರೆ. ಹೊಗಳುವವರಿಗೂ ಮರುಗುವವರಿಗೂ ಒಂದೇ ವಾಕ್ಯ ಸರಿಹೊಂದುತ್ತದೆ ಎಂದಾಗಲೇ ಅನುಮಾನ ಬರಬೇಕಿತ್ತು.

ಹಳೆಯ ಕಾಲದಿಂದಲೇ ನೋಡೋಣ. ಈ ತೀರದ ಹಿಂದಿನ ಬೆಟ್ಟಗಳಲ್ಲಿ, ರೊಮಾನ್ಯಾ ದೆ ಲಾ ಸೆಲ್ವಾದ ಬಳಿ, ‘ಕೋವಾ ದೆನ್ ದಾಯ್ನಾ’ ಎಂಬ ಬೃಹತ್ ಶಿಲಾಸಮಾಧಿ ಇದೆ. ನಾಲ್ಕು ಸಾವಿರ ವರ್ಷಕ್ಕೂ ಹಳೆಯದು. ಅದನ್ನು ಕಟ್ಟಿದವರು ಕಡಲ ದಡದಲ್ಲಿ ಗುಡಿಸಲು ಹಾಕಿಕೊಂಡು ಕೂತವರಲ್ಲ, ಕಾಡುಬೆಟ್ಟದ ಜನ. ಆಮೇಲೆ ಇಬೇರಿಯರು. ಲ್ಯೊರೆತ್ ಊರಿಗೆ ಸೇರಿದ ನೆಲದಲ್ಲೇ ಅವರ ಮೂರು ನೆಲೆಗಳು ಅಗೆತದಲ್ಲಿ ಸಿಕ್ಕಿವೆ. ಒಳನಾಡಿನ ಗುಡ್ಡದ ಮೇಲೆ ಮೊಂತ್‌ಬರ್ಬಾತ್, ಊರಿಗೆ ಸಮೀಪದ ದಿಬ್ಬದ ಮೇಲೆ ಪುಚ್ ದೆ ಕಸ್ತೆಲ್ಯೆತ್, ಕಡಲಿಗೆ ಆತುಕೊಂಡ ತುರೊ ರೊದೊ. ಪುಚ್ ದೆ ಕಸ್ತೆಲ್ಯೆತ್ ಕ್ರಿಸ್ತಪೂರ್ವ ಮೂರನೇ ಶತಮಾನದ್ದು: ಕೋಟೆಗೋಡೆ, ಅದರ ಒಳಮೈಗೆ ಸಾಲಾಗಿ ಅಂಟಿಕೊಂಡ ಕೋಣೆಗಳು, ಅಲ್ಲಿಂದ ಕಣ್ಣು ಹಾಯಿಸಿದರೆ ತೀರ. ಅದು ಕಾವಲು ನೆಲೆ, ಬಲೆ ಒಣಗಿಸುವ ಜಾಗವಲ್ಲ.

ಈ ಇಬೇರಿಯರು ಬರೆಯುತ್ತಿದ್ದರು ಎಂಬುದನ್ನೂ ಹೇಳಬೇಕು. ಅವರ ಲಿಪಿಯಲ್ಲಿ ಕೆಲವು ಗುರುತುಗಳು ಒಂಟಿ ಧ್ವನಿಗೆ, ಕೆಲವು ‘ಬ’, ‘ಕಿ’, ‘ತು’ ಎಂಬಂಥ ಇಡೀ ಅಕ್ಷರಕ್ಕೆ ನಿಲ್ಲುತ್ತವೆ. ಕಳೆದ ಶತಮಾನದ 20ರ ದಶಕದಲ್ಲಿ ಮನುಎಲ್ ಗೋಮೆಸ್ ಮೊರೇನೊ ಅದನ್ನು ಓದುವ ಬಗೆ ಕಂಡುಕೊಂಡ. ಇಂದು ಇಬೇರಿಯನ್ ಬರಹವನ್ನು ಗಟ್ಟಿಯಾಗಿ ಓದಬಹುದು. ಅರ್ಥ ಮಾತ್ರ ಆಗುವುದಿಲ್ಲ, ಏಕೆಂದರೆ ಆ ಭಾಷೆಗೆ ನಂಟರೆಂದು ಖಚಿತವಾಗಿ ಹೇಳಬಹುದಾದ ಭಾಷೆ ಒಂದೂ ಉಳಿದಿಲ್ಲ. ಇದೇ ತೀರದ ಉತ್ತರಕ್ಕೆ ಗ್ರೀಕರು ಕ್ರಿಸ್ತಪೂರ್ವ ಆರನೇ ಶತಮಾನದಲ್ಲೇ ಒಂದು ಪಟ್ಟಣ ಕಟ್ಟಿದ್ದರು. ಅದಕ್ಕೆ ಅವರಿಟ್ಟ ಹೆಸರು ‘ಎಂಪೋರಿಯೊನ್’. ಅರ್ಥ: ಸಂತೆ, ವ್ಯಾಪಾರದ ಜಾಗ. ಈ ತೀರದ ಬರಹದಲ್ಲಿ ಸಿಗುವ ಅತಿ ಹಳೆಯ ಊರಹೆಸರುಗಳಲ್ಲಿ ಒಂದು ‘ಪೇಟೆ’ ಎಂದೇ ಕೂಗಿ ಹೇಳುತ್ತಿದ್ದರೂ ಬ್ರೋಷರ್ ಬರೆಯುವವನಿಗೆ ಕಾಣುವುದು ಮೀನು ಮಾತ್ರ.

ರೋಮನ್ನರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಲ್ಯೊರೆತ್‌ನಲ್ಲಿ ಅವರದೊಂದು ಸಮಾಧಿ ಗೋಪುರ ಉಳಿದಿದೆ. ಪಕ್ಕದ ತೋಸಾದಲ್ಲಿ ಅವರ ಜಮೀನ್ದಾರಿ ಮನೆಯ ಮೊಸಾಯಿಕ್ ನೆಲಹಾಸು ಸಿಕ್ಕಿದೆ. ದ್ರಾಕ್ಷಿ ಬೆಳೆದು ಮದ್ಯ ಮಾಡಿ ಸಾಗಿಸಿದರು, ಹೋದರು.

966ರ ದಾಖಲೆಯಲ್ಲಿ ಊರಿನ ಹೆಸರು ‘ಲೊರೇದೊ’ ಎಂದಿದೆ. ಮೂಲ ಲ್ಯಾಟಿನ್ ‘ಲೌರೇತುಮ್’, ಲಾರೆಲ್ ಮರಗಳ ತೋಪು. ಪದದ ಆದಿಯ ‘ಲ’ ಕತಲಾನ್‌ನಲ್ಲಿ ‘ಲ್ಯ’ ಆಗುವುದು ನಿಯಮ. ಲ್ಯಾಟಿನ್ನಿನ ‘ಲೂನಾ’ ಕತಲಾನ್‌ನಲ್ಲಿ ‘ಲ್ಯೂನಾ’, ‘ಲಿಂಗ್ವಾ’ ‘ಲ್ಯೆಂಗ್ವಾ’. ಹಳಗನ್ನಡದ ‘ಪಾಲ್’ ‘ಹಾಲು’ ಆದಷ್ಟೇ ಕ್ರಮಬದ್ಧ. ಅಂದರೆ ಊರಿನ ಹೆಸರಿನಲ್ಲಿರುವುದು ಮರ, ಕಡಲಲ್ಲ. ಬಾಲದಲ್ಲಿರುವ ‘ದೆ ಮಾರ್’ ಎಂಬ ಕಡಲಿನ ಗುರುತು ಆಮೇಲೆ ಸೇರಿದ್ದು.

ಅದಕ್ಕೆ ಕಾರಣವೂ ಇದೆ. ಮಧ್ಯಯುಗದ ಲ್ಯೊರೆತ್ ಸಮುದ್ರದ ದಂಡೆಯಲ್ಲಿ ಇರಲೇ ಇಲ್ಲ. ಹಳೆಯ ಇಗರ್ಜಿ ಒಳನಾಡಿನಲ್ಲಿ, ಇಂದು ‘ಲೆಸ್ ಅಲೆಗ್ರಿಯಸ್’ ಎನ್ನುವ ಜಾಗದಲ್ಲಿತ್ತು. ಹೊಲಗದ್ದೆಯ ಮನೆಗಳು ಅದರ ಸುತ್ತ ಚದುರಿದ್ದವು. ಕಡಲೆಂದರೆ ಭಯ. ಕಡಲುಗಳ್ಳರು ಬಂದು ಮನೆ ಸುಟ್ಟು ಜನರನ್ನು ಹಿಡಿದು ಮಾರುವ ಕಾಲ. ದಡದಲ್ಲಿ ಜನ ಹೆಚ್ಚಿ, ‘ನಮಗೆ ಇಲ್ಲೇ ಇಗರ್ಜಿ ಬೇಕು’ ಎನ್ನುವ ಹೊತ್ತಿಗೆ ಹದಿನಾರನೇ ಶತಮಾನ ಬಂದಿತ್ತು. ಸಾಂತ್ ರೊಮಾ ಇಗರ್ಜಿಯನ್ನು 1509ರಿಂದ 1522ರ ನಡುವೆ ಕಟ್ಟಿದರು. ಅದೂ ಕೋಟೆಯ ಹಾಗೆ, ದಾಳಿ ಬಂದಾಗ ಊರೆಲ್ಲ ಒಳಹೊಕ್ಕು ಬಾಗಿಲು ಹಾಕಿಕೊಳ್ಳುವಂತೆ. ‘ಅನಾದಿಕಾಲದ ಮೀನುಗಾರರ ಹಳ್ಳಿ’ಯ ಅನಾದಿ ಇಷ್ಟೇ.

ಇನ್ನು ಮುಖ್ಯ ವಿಷಯ. ಬ್ರೋಷರಿನ ಮೊದಲ ವಾಕ್ಯಕ್ಕೂ ಎರಡನೇ ವಾಕ್ಯಕ್ಕೂ ನಡುವೆ ಒಂದು ಇಡೀ ಶತಮಾನ ಕಾಣೆಯಾಗಿದೆ. ಅದು ಕಾಣೆಯಾದದ್ದರಿಂದ ಯಾರಿಗೆ ಲಾಭ ಎಂದು ಕೇಳಲೇಬೇಕು.

ಸ್ಪೇನಿನ ಅಮೆರಿಕಾ ವ್ಯಾಪಾರ ಬಹುಕಾಲ ಸೆವಿಲ್ಯಾ, ಆಮೇಲೆ ಕಾದಿಸ್ ಬಂದರಿನ ಹಿಡಿತದಲ್ಲಿತ್ತು. 1778ರಲ್ಲಿ ಮೂರನೇ ಕಾರ್ಲೊಸ್ ರಾಜ ಆ ಬೀಗವನ್ನು ಬಹುಮಟ್ಟಿಗೆ ತೆಗೆದ. ಲ್ಯೊರೆತ್‌ನಂಥ ಊರುಗಳು ಅದಕ್ಕೇ ಕಾದು ಕೂತಂತಿದ್ದವು. ಬಂದರೇ ಇಲ್ಲದ ಆ ಬರಿಯ ಮರಳಿನ ಮೇಲೆ ಹಡಗು ಕಟ್ಟಿ, ನೀರಿಗೆ ಜಾರಿಸಿ, ಅಟ್ಲಾಂಟಿಕ್ ದಾಟಿಸಿದರು. ಇಂದು ಟವೆಲ್ ಹಾಸಿ ಮಲಗುವ ಜಾಗ ಆಗ ಹಡಗುಕಟ್ಟೆ: ಬಡಗಿಗಳು, ಕಮ್ಮಾರರು, ಹಾಯಿ ಹೊಲಿಯುವವರು, ಹಗ್ಗ ಹೊಸೆಯುವವರು, ಡಾಂಬರಿನ ವಾಸನೆ. ಹೋಗುವಾಗ ದ್ರಾಕ್ಷಾರಸ, ಬ್ರಾಂದಿ, ಎಣ್ಣೆ, ಬಟ್ಟೆ. ಬರುವಾಗ ಸಕ್ಕರೆ, ರಮ್, ಹತ್ತಿ, ತೊಗಲು, ಹೊಗೆಸೊಪ್ಪು. ಊರಿನ ಹುಡುಗರು ಹದಿಹರೆಯದಲ್ಲೇ ಹಡಗು ಹತ್ತಿ ಕ್ಯೂಬಾಕ್ಕೆ ಹೋಗಿ ಸೋದರಮಾವನ ಅಂಗಡಿಯ ಗಲ್ಲಾದ ಹಿಂದೆ ಕೂತರು. ಮುಂಬಯಿಯ ಉಡುಪಿ ಹೋಟೆಲುಗಳ ಚರಿತ್ರೆ ಬಲ್ಲವರಿಗೆ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಿಲ್ಲ.

ಹಣ ಮಾಡಿ ಮರಳಿದವರನ್ನು ‘ಇಂಡಿಯಾನೊ’ ಎಂದು ಕರೆದರು. (ಕೊಲಂಬಸನ ತಪ್ಪಿನ ಪಳೆಯುಳಿಕೆ ಇದು. ಇಂದು ಲ್ಯೊರೆತ್‌ನ ಅಂಗಡಿಬೀದಿಯಲ್ಲಿ ನಿಜವಾದ ಭಾರತೀಯರೇ ಬ್ಯಾಗು, ಟೀ ಶರ್ಟು ಮಾರುತ್ತಾರೆ. ಅವರನ್ನು ಯಾರೂ ಇಂಡಿಯಾನೊ ಎನ್ನುವುದಿಲ್ಲ.) ಅವರ ಹಣದಲ್ಲಿ ಭವನಗಳೆದ್ದವು. ಅವುಗಳಲ್ಲೊಂದಾದ ಕಾನ್ ಗರ್ರೀಗಾ ಈಗ ಕಡಲ ಮ್ಯೂಸಿಯಂ. 1901ರ ಹೊಸ ಸ್ಮಶಾನದಲ್ಲಿ ಬಾರ್ಸಿಲೋನಾದ ಪುಚ್ ಇ ಕದಫಾಲ್ಕ್‌ನಂಥ ವಾಸ್ತುಶಿಲ್ಪಿಗಳನ್ನು ಕರೆಸಿ ಸಮಾಧಿ ಕಟ್ಟಿಸಿದರು. ಅದನ್ನು ನೋಡಿದ ಯಾರೂ ‘ಪುಟ್ಟ ಹಳ್ಳಿ’ ಎಂಬ ಮಾತನ್ನು ಬಾಯಿಗೆ ತಂದುಕೊಳ್ಳಲಾರರು. ಎಲ್ಲರೂ ಮರಳಲಿಲ್ಲ. ಹವಾನಾದ ‘ಎಲ್ ಫ್ಲೋರಿದೀತಾ’ ಬಾರ್ ಅನ್ನು ಜಗತ್ತಿಗೆಲ್ಲ ಪರಿಚಯಿಸಿದ, ಹೆಮಿಂಗ್ವೇಗೆ ದೈಕಿರಿ ಕಲಸಿಕೊಟ್ಟ ಕೊನ್ಸ್ತಾಂತೀನೊ ರಿಬಲಾಯ್ಗುವಾ 1888ರಲ್ಲಿ ಹುಟ್ಟಿದ್ದು ಲ್ಯೊರೆತ್‌ನಲ್ಲಿ, 1952ರಲ್ಲಿ ತೀರಿಕೊಂಡದ್ದು ಹವಾನಾದಲ್ಲಿ.

ಇಲ್ಲಿಯವರೆಗೆ ಚೆಂದದ ಕತೆ. ಇಷ್ಟನ್ನೇ ಹೇಳಿ ನಿಲ್ಲಿಸುವವರೂ ಈಗ ಹುಟ್ಟಿಕೊಂಡಿದ್ದಾರೆ. ಇದೇ ತೀರದ ಬೆಗುರ್ ಎಂಬ ಊರಿನಲ್ಲಿ ಪ್ರತಿವರ್ಷ ಇಂಡಿಯಾನೊ ಮೇಳ ನಡೆಯುತ್ತದೆ: ಬಿಳಿ ಬಟ್ಟೆ, ಹ್ಯಾಟು, ರಮ್, ಹವಾನಾದ ಹಾಡು. ಆದರೆ ಆ ಸಕ್ಕರೆಯನ್ನು ಬೆಳೆದವರು ಯಾರು? ಕ್ಯೂಬಾದ ಕಬ್ಬಿನ ತೋಟಗಳು ಗುಲಾಮರ ಬೆವರಿನಿಂದ ನಡೆದವು. ಇಂಗ್ಲೆಂಡಿನೊಂದಿಗೆ 1817ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಸ್ಪೇನ್ 1820ರಿಂದ ಗುಲಾಮರ ಸಾಗಾಟವನ್ನು ನಿಷೇಧಿಸಬೇಕಿತ್ತು. ಕಾಗದದಲ್ಲಿ ನಿಷೇಧಿಸಿತು ಕೂಡ. ಆಮೇಲಿನ ನಾಲ್ಕೈದು ದಶಕಗಳಲ್ಲಿ ಆಫ್ರಿಕಾದಿಂದ ಲಕ್ಷಾಂತರ ಜನರನ್ನು ಕದ್ದು ಕ್ಯೂಬಾಕ್ಕೆ ಸಾಗಿಸಿದರು. ಕತಲಾನ್ ತೀರದ ಕಪ್ತಾನರು, ಬಂಡವಾಳದಾರರು ಅದರಲ್ಲಿ ಪಾಲುದಾರರು ಎಂಬುದು ಚರಿತ್ರಕಾರರಿಗೆ ಗುಟ್ಟಲ್ಲ. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1886ರಲ್ಲಿ. ನೇರವಾಗಿ ಮನುಷ್ಯರನ್ನು ಸಾಗಿಸದ ಹಡಗುಗಳ ಕೈಯೂ ಶುಭ್ರವಲ್ಲ. ಬ್ಯೂನಸ್ ಐರಿಸ್, ಮೊಂತೆವಿದೆಯೊಗಳಿಂದ ಕತಲಾನ್ ಹಡಗುಗಳು ಹವಾನಾಕ್ಕೆ ತುಂಬಿ ಒಯ್ದ ಒಣಮಾಂಸ ತೋಟದ ಗುಲಾಮರ ಊಟಕ್ಕೆ. ಆ ಸರಕಿನ ಹಣದಲ್ಲಿ ಸಕ್ಕರೆ ಕೊಂಡು ಮನೆಗೆ ಬಂದರು.

ಬಾರ್ಸಿಲೋನಾ ಈ ಲೆಕ್ಕ ತೆಗೆಯತೊಡಗಿ ಹೆಚ್ಚು ಕಾಲವಾಗಿಲ್ಲ. ಗುಲಾಮ ವ್ಯಾಪಾರದ ಕಳಂಕ ಹೊತ್ತ ಆಂತೋನಿಯೊ ಲೋಪೆಸ್‌ನ ಪ್ರತಿಮೆಯನ್ನು ನಗರಸಭೆ 2018ರ ಮಾರ್ಚಿನಲ್ಲಿ ಇಳಿಸಿತು. 2024ರಲ್ಲಿ ಅಲ್ಲಿನ ಕಡಲ ಮ್ಯೂಸಿಯಂ ಕತಲಾನರ ಪಾಲುದಾರಿಕೆಯ ಬಗ್ಗೆಯೇ ಒಂದು ಪ್ರದರ್ಶನ ನಡೆಸಿತು. ಹೆಸರು ‘ಲಾ ಇನ್ಫಾಮಿಯಾ’, ಕುಖ್ಯಾತಿ. ಮೀನುಗಾರರ ಹಳ್ಳಿಯ ಕತೆ ಹೇಳುವ ಊರು ಈ ಪ್ರದರ್ಶನದೊಳಗೆ ಕಾಲಿಡಬೇಕಿಲ್ಲ. ಬಡ ಬೆಸ್ತನಿಗೂ ಕಬ್ಬಿನ ತೋಟಕ್ಕೂ ಎಲ್ಲಿಯ ಸಂಬಂಧ? ಈ ವಾಕ್ಯದ ಲಾಭ ಇಲ್ಲಿದೆ. ಅದು ಸುಮ್ಮನೆ ಮಾಡಿದ ಸಂಕ್ಷೇಪವಲ್ಲ, ಸಾಬೂನು.

ಹಾಗಾದರೆ ಇಪ್ಪತ್ತನೇ ಶತಮಾನದಲ್ಲಿ ಬಂದವರು ನೋಡಿದ ಮೀನುಗಾರರು ಸುಳ್ಳೇ? ಸುಳ್ಳಲ್ಲ. ಹೊಯಾಕಿನ್ ಸೊರೋಯಾ ಎಂಬ ಪ್ರಸಿದ್ಧ ಚಿತ್ರಕಾರ ನ್ಯೂಯಾರ್ಕಿನ ಹಿಸ್ಪಾನಿಕ್ ಸೊಸೈಟಿಗಾಗಿ ಸ್ಪೇನಿನ ಪ್ರಾಂತಗಳ ದೊಡ್ಡ ದೊಡ್ಡ ಚಿತ್ರ ಬರೆಯುವಾಗ ಕತಲೂನ್ಯಕ್ಕೆಂದು ಆರಿಸಿಕೊಂಡದ್ದು ಲ್ಯೊರೆತ್‌ನ ಸಾಂತಾ ಕ್ರಿಸ್ತಿನಾ ತೀರ. ವರ್ಷ 1915, ವಿಷಯ ಮೀನು. ಆದರೆ 1915 ಎಂದರೆ ಏನು? ಹಾಯಿಹಡಗನ್ನು ಹಬೆಹಡಗು ನುಂಗಿ ಹಲವು ದಶಕವಾಗಿತ್ತು. ಬಂದರಿಲ್ಲದ ಊರಿಗೆ ಹಬೆಹಡಗು ಬರಲಾರದು. ಫಿಲೋಕ್ಸೆರಾ ಎಂಬ ಹೇನು ದ್ರಾಕ್ಷಿ ತೋಟಗಳನ್ನು ತಿಂದುಹಾಕಿತ್ತು. 1898ರಲ್ಲಿ ಕ್ಯೂಬಾವೇ ಕೈತಪ್ಪಿತ್ತು. ಉಳಿದದ್ದು ಚಿಕ್ಕ ದೋಣಿ, ಬಲೆ. ಹೊರಗಿನವರು ಊರಿನ ಆರಂಭವೆಂದು ತಿಳಿದು ಮೆಚ್ಚಿಕೊಂಡದ್ದು ಒಂದು ದೊಡ್ಡ ವ್ಯಾಪಾರ ಕುಸಿದ ಮೇಲಿನ ಬಡತನವನ್ನು. ಕುಸಿದ ಮನೆಯ ಅಂಗಳದಲ್ಲಿ ಬೆಳೆದ ಗಿಡಗಳನ್ನು ನೋಡಿ ‘ಇದು ಮೊದಲಿನಿಂದಲೂ ಕಾಡು’ ಎಂದ ಹಾಗೆ.

ಈ ತೀರಕ್ಕೆ ‘ಕೋಸ್ಟಾ ಬ್ರಾವಾ’ ಎಂಬ ಹೆಸರೂ ಈ ಕಾಲದ್ದೇ. 1908ರಲ್ಲಿ ಫೆರಾನ್ ಅಗುಲ್ಯೊ ಎಂಬ ಪತ್ರಕರ್ತ ‘ಲಾ ವೆಉ ದೆ ಕತಲೂನ್ಯಾ’ ಪತ್ರಿಕೆಯಲ್ಲಿ ಬಳಸಿದ. ಒರಟು, ಪಳಗದ ತೀರ ಎಂದು ಅರ್ಥ. ಎರಡೂವರೆ ಸಾವಿರ ವರ್ಷ ವ್ಯಾಪಾರ ನಡೆಸಿದ ದಂಡೆಯನ್ನು ಪಳಗದ್ದು ಎಂದು ಕರೆದದ್ದು ಬಾರ್ಸಿಲೋನಾದ ಓದುಗನಿಗೆ ರುಚಿಸಿತು.

ಮೀನುಗಾರಿಕೆಗೂ ಈ ಕತೆ ನ್ಯಾಯ ಮಾಡುವುದಿಲ್ಲ ಎಂಬುದು ಇನ್ನೂ ಕೆಟ್ಟದ್ದು. ‘ಬರೀ ಮೀನುಗಾರರ ಹಳ್ಳಿ’ ಎಂದಾಗ ಮೀನುಗಾರ ಎಂದರೆ ಸೊನ್ನೆ ಎಂದಾಯಿತು. ಅವನಿಗೆ ಚರಿತ್ರೆ ಇಲ್ಲ, ಅವನ ಮೇಲೆ ಏನು ಬೇಕಾದರೂ ಕಟ್ಟಬಹುದು. ಕತಲಾನ್ ತೀರದಲ್ಲಿ ‘ಆರ್ತ್’ ಎಂಬ ಬಲೆಯಿತ್ತು: ದೋಣಿಯಲ್ಲಿ ಒಯ್ದು ಅರ್ಧವೃತ್ತವಾಗಿ ಬಿಟ್ಟು, ಎರಡೂ ತುದಿಯನ್ನು ದಡದಿಂದ ಹತ್ತಾರು ಜನ ಎಳೆಯುವುದು. ಕರಾವಳಿಯ ಕನ್ನಡಿಗರಿಗೆ ಒಂದೇ ಪದ ಸಾಕು, ರಂಪಣಿ. ಎಷ್ಟು ಕೈ, ಯಾರಿಗೆಷ್ಟು ಪಾಲು ಎಂಬುದರ ಸುತ್ತ ಒಂದು ಸಮಾಜವೇ ಇರುತ್ತದೆ. ಪರ್ಸೀನ್ ದೋಣಿಗಳು ಬಂದು ರಂಪಣಿ ಮೂಲೆಗೆ ಬಿದ್ದಾಗ ಹೋದದ್ದು ಬಲೆ ಮಾತ್ರವಲ್ಲ ಎಂದು ಮಲ್ಪೆ, ಗಂಗೊಳ್ಳಿಯ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಲ್ಯೊರೆತ್‌ನಲ್ಲಿ ನಾರಿನ ಬಲೆ ಕೊಳೆಯದಿರಲೆಂದು ಬಣ್ಣ ಕಾಯಿಸಿ ಅದ್ದುತ್ತಿದ್ದ ಮನೆ ಇನ್ನೂ ಇದೆ. ಹೆಸರು ‘ಎಸ್ ತಿಂತ್’.

ಆ ‘ಎಸ್’ ಎಂಬುದನ್ನು ಸ್ವಲ್ಪ ಗಮನಿಸಬೇಕು. ಇಂದಿನ ಸಾಮಾನ್ಯ ಕತಲಾನ್‌ನಲ್ಲಿ ನಾಮಪದದ ಮುಂದೆ ಬರುವುದು ‘ಎಲ್’, ‘ಲಾ’. ಲ್ಯಾಟಿನ್ನಿನ ‘ಇಲ್ಲೆ’ಯಿಂದ ಹುಟ್ಟಿದವು. ಈ ತೀರದಲ್ಲಿ ಹಿಂದೆ ‘ಎಸ್’, ‘ಸಾ’ ಎನ್ನುತ್ತಿದ್ದರು. ಅವು ‘ಇಪ್ಸೆ’ಯಿಂದ ಬಂದವು. ಮಯೋರ್ಕಾದಂಥ ದ್ವೀಪಗಳಲ್ಲಿ ಈಗಲೂ ಜೀವಂತ. ಇಲ್ಲಿ ಕದಕೇಸ್‌ನಂಥ ಒಂದೆರಡು ಕಡೆ ಬಿಟ್ಟರೆ ಬಾಯಿಂದ ಅಳಿದುಹೋಗಿ ಜಾಗಗಳ ಹೆಸರಲ್ಲಿ ಮಾತ್ರ ಅಂಟಿಕೊಂಡಿದೆ. ಎಸ್ ತಿಂತ್, ಸಾ ಕಲೇತಾ, ಸಾ ಪಲೊಮೇರಾ. ಹೋಟೆಲ್ ಮೆಟ್ಟಿಲಿಳಿದು ಸಾ ಕಲೇತಾದಲ್ಲಿ ಈಜುವವನು ತಿಳಿಯದೆಯೇ ಒಂದು ಸತ್ತ ಉಪಭಾಷೆಯ ಪದವನ್ನು ಉಚ್ಚರಿಸುತ್ತಾನೆ. ಆ ಎರಡಕ್ಷರಕ್ಕೆ ಬ್ರೋಷರಿನಲ್ಲಿ ಜಾಗವಿಲ್ಲ.

ಇನ್ನು ‘ಆಮೇಲೆ ಪ್ರವಾಸಿಗಳು ಬಂದರು’ ಎಂಬ ಎರಡನೇ ವಾಕ್ಯ. ಮಳೆ ಬಂತು ಎಂಬ ಧಾಟಿಯಲ್ಲಿ ಅದನ್ನು ಹೇಳುತ್ತಾರೆ. ಪ್ರವಾಸಿಗಳು ತಾವಾಗಿ ಬರಲಿಲ್ಲ, ಕರೆತರಲಾಯಿತು. ಅಂತರ್ಯುದ್ಧ ಗೆದ್ದ ಫ್ರಾಂಕೊ ಸರ್ಕಾರ 1950ರ ದಶಕದ ಕೊನೆಗೆ ವಿದೇಶಿ ಹಣವಿಲ್ಲದೆ ದಿವಾಳಿಯ ಅಂಚಿನಲ್ಲಿತ್ತು. 1959ರಲ್ಲಿ ಪೆಸೇತಾದ ಬೆಲೆ ಇಳಿಸಿದರು: ಡಾಲರಿಗೆ 42 ಇದ್ದದ್ದು 60 ಆಯಿತು. ಜರ್ಮನ್ ಕಾರ್ಮಿಕನಿಗೂ ಸ್ಪೇನಿನ ಹದಿನೈದು ದಿನ ಕೈಗೆಟುಕುವಂತಾಯಿತು. 1960ರಲ್ಲಿ ಸುಮಾರು 60 ಲಕ್ಷ ಜನ ಬಂದ ದೇಶಕ್ಕೆ 1973ರಲ್ಲಿ 3 ಕೋಟಿಗೂ ಮಿಕ್ಕಿ ಬಂದರು. ಇದನ್ನೆಲ್ಲ ನಡೆಸಿದ ಕಚೇರಿಯ ಹೆಸರು ‘ಮಾಹಿತಿ ಮತ್ತು ಪ್ರವಾಸೋದ್ಯಮ ಸಚಿವಾಲಯ’. ‘ಮಾಹಿತಿ’ ಎಂದರೆ ಸೆನ್ಸಾರ್. ಪುಸ್ತಕ, ಪತ್ರಿಕೆಗಳ ಮೇಲೆ ಕತ್ತರಿ ಆಡಿಸಿದವರೂ ಕಡಲತೀರದ ಪೋಸ್ಟರ್ ಅಚ್ಚುಹಾಕಿದವರೂ ಒಂದೇ ಸೂರಿನಡಿ, ಒಬ್ಬನೇ ಮಂತ್ರಿಯ ಕೈಕೆಳಗೆ; 1962ರಿಂದ 1969ರವರೆಗೆ ಆ ಮಂತ್ರಿ ಮನುಎಲ್ ಫ್ರಾಗಾ. ಸ್ಥಳೀಯ ಭಾಷೆಯನ್ನು ಶಾಲೆಯಿಂದ, ಕಚೇರಿಯಿಂದ ಹೊರಗಿಟ್ಟ ಆಡಳಿತಕ್ಕೆ ತನ್ನದೇ ಭಾಷೆ, ತನ್ನದೇ ಹಡಗು, ತನ್ನದೇ ಸಿರಿವಂತರಿದ್ದ ಪಟ್ಟಣಕ್ಕಿಂತ ಮೂಕ ಮೀನುಗಾರರ ಹಳ್ಳಿಯೇ ಹೆಚ್ಚು ಹಿಡಿಸಿದ್ದರೆ ಆಶ್ಚರ್ಯವೇನು?

ಆ ವರ್ಷಗಳಲ್ಲಿ ಹೋಟೆಲು ಕಟ್ಟಿದವರು, ಹಾಸಿಗೆ ಹಾಸಿದವರು ಬಹುಪಾಲು ಆಂದಲೂಸಿಯಾದಂಥ ದಕ್ಷಿಣದ ಬಡ ಪ್ರಾಂತಗಳಿಂದ ರೈಲಿನಲ್ಲಿ ಬಂದವರು. ಆಮೇಲೆ ಮೊರಾಕೊ, ಗ್ಯಾಂಬಿಯಾ, ಪೂರ್ವ ಯುರೋಪು, ಭಾರತ. 1950ರಲ್ಲಿ ಕೆಲವೇ ಸಾವಿರ ಜನರಿದ್ದ ಲ್ಯೊರೆತ್‌ನಲ್ಲಿ ಈಗ 40 ಸಾವಿರದ ಆಸುಪಾಸು. ‘ಹಿಂದೆ ಎಷ್ಟು ಮುಗ್ಧವಾಗಿತ್ತು, ಈಗ ನೋಡಿ’ ಎಂದು ಮರುಗುವ ಪ್ರಬಂಧಗಳಲ್ಲಿ ಈ ಜನ ಎಲ್ಲಿಯೂ ಕಾಣುವುದಿಲ್ಲ. ಕುಡಿದು ಬೀದಿಯಲ್ಲಿ ಬೀಳುವ ಇಂಗ್ಲಿಷ್ ಹುಡುಗರು ಕಾಣುತ್ತಾರೆ, ಬೆಳಿಗ್ಗೆ ಅದನ್ನು ತೊಳೆಯುವವರು ಕಾಣುವುದಿಲ್ಲ. ಲ್ಯೊರೆತ್ ಅನ್ನು ಅಸಹ್ಯಕ್ಕೆ ಉದಾಹರಣೆಯಾಗಿ ಬಳಸುವುದು ಕತಲೂನ್ಯದ ಸುಸಂಸ್ಕೃತರ ಹಳೆಯ ಚಟ. ಅವರ ಅಜ್ಜಂದಿರ ಬೇಸಿಗೆ ಬಂಗಲೆಗಳಿಗೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಗಿಂತ ಇದು ಸುಲಭ.

ಈ ಪತ್ರ ಓದುವ ಬಹಳ ಜನ ಇರುವ ಊರುಗಳ ಬಗ್ಗೆಯೂ ಇದೇ ವಾಕ್ಯ ಓಡಾಡುತ್ತದೆ. ಮುಂಬಯಿ ‘ಕೋಳಿಗಳ ಮೀನುಹಳ್ಳಿಯಾಗಿತ್ತು, ಬ್ರಿಟಿಷರು ನಗರ ಮಾಡಿದರು’. ಉತ್ತರದ ನಾಲಾಸೋಪಾರಾದಲ್ಲಿ ಅಶೋಕನ ಶಾಸನ ಸಿಕ್ಕಿದೆ, ಎದುರಿನ ಎಲಿಫೆಂಟಾದ ಗುಹೆಗಳು ಸಾವಿರ ವರ್ಷಕ್ಕೂ ಹಳೆಯವು. ಚೆನ್ನೈ ‘ಮೀನುಗಾರರ ಕುಪ್ಪಮ್ ಆಗಿತ್ತು’. ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ಗುಡಿಯಲ್ಲಿ ಪಲ್ಲವ ದಂತಿವರ್ಮನ ಶಾಸನವಿದೆ. ಎರಡೂ ಕಡೆ ಈ ವಾಕ್ಯದಿಂದ ಹೊರಬಿದ್ದವರು ಮೀನುಗಾರರೇ. ‘ಆಗಿತ್ತು’ ಎಂಬ ಭೂತಕಾಲದ ಕ್ರಿಯಾಪದ ಓದಿದವನಿಗೆ ವರ್ಳಿ ಕೋಳಿವಾಡೆಯಲ್ಲಿ ಇವತ್ತೂ ಬಲೆ ಒಣಗುವುದು ಅಡ್ಡಿಯಾಗಿ ತೋರುತ್ತದೆ.

ಲ್ಯೊರೆತ್ ಪುರಸಭೆಯನ್ನೇ ಪೂರ್ತಿ ದೂರುವುದು ಸರಿಯಲ್ಲ. ಇಬೇರಿಯನ್ ನೆಲೆಗಳು, ಕಾನ್ ಗರ್ರೀಗಾ, ಸ್ಮಶಾನ, ಎಸ್ ತಿಂತ್ ಎಲ್ಲವನ್ನೂ ‘ತೆರೆದ ಮ್ಯೂಸಿಯಂ’ ಎಂದು ಜೋಡಿಸಿ ಫಲಕ ಹಾಕಿದ್ದಾರೆ. ಆದರೆ ಊರಿನ ಬಗ್ಗೆ ನಿರ್ಧಾರಗಳು ಆಗುವುದು ಫಲಕ ಓದಿದವರಿಂದಲ್ಲ. 2024ರ ಫೆಬ್ರವರಿ 1ರಂದು ಬರದ ತುರ್ತು ಪರಿಸ್ಥಿತಿ ಘೋಷಣೆಯಾಗಿ ಬಾರ್ಸಿಲೋನಾ, ಜಿರೋನಾ ಸೀಮೆಯಲ್ಲಿ ನೀರಿಗೆ ಕಡಿವಾಣ ಬಿದ್ದಾಗ, ಲ್ಯೊರೆತ್‌ನ ಹೋಟೆಲ್ ಮಾಲೀಕರ ಸಂಘ ಈಜುಕೊಳ ತುಂಬಿಸಲು ತಮ್ಮದೇ ಉಪ್ಪುನೀರು ಶುದ್ಧೀಕರಣ ಯಂತ್ರ ಕೊಳ್ಳುವುದಾಗಿ ಮುಂದೆ ಬಂತು. ಪಕ್ಕದ ಬ್ಲಾನೆಸ್‌ನಲ್ಲಿ 2002ರಿಂದಲೇ ಇಂಥದೊಂದು ಸಾರ್ವಜನಿಕ ಘಟಕವಿದೆ. ಸಂಘದ ವಾದ ಸರಳ: ಪ್ರವಾಸಿ ಬರದಿದ್ದರೆ ಊರೇ ಇಲ್ಲ. ಈ ವಾದವನ್ನು ಯಾರೂ ತಕ್ಷಣ ನಕ್ಕು ತಳ್ಳಿಹಾಕದಿರುವುದಕ್ಕೆ ಅರವತ್ತು ವರ್ಷ ಅಚ್ಚಾದ ಆ ಮೂರು ವಾಕ್ಯಗಳೂ ಕಾರಣ. ಹೋಟೆಲಿಗೆ ಮೊದಲು ಇಲ್ಲಿ ಏನೂ ಇರಲಿಲ್ಲ ಎಂದು ನಂಬಿದ ಊರು ಹೋಟೆಲಿಗೆ ಬೇಡ ಎನ್ನುವುದು ಹೇಗೆ?

ಜಾಗವಿಲ್ಲ, ಬ್ರೋಷರಿನಲ್ಲಿ ಒಂದೇ ಸಾಲು ಹಿಡಿಯುತ್ತದೆ ಎಂಬುದು ಬರೆಯುವವರ ಮಾಮೂಲಿ ನೆಪ. ‘ಒಂದು ಕಾಲದಲ್ಲಿ ಪುಟ್ಟ ಮೀನುಗಾರರ ಹಳ್ಳಿಯಾಗಿತ್ತು’ ಎಂಬುದರಲ್ಲಿ ಐದು ಪದಗಳಿವೆ. ‘ಹಡಗು ಕಟ್ಟಿ ಕ್ಯೂಬಾಕ್ಕೆ ಹೋಗುತ್ತಿದ್ದವರ ಊರು’ ಎಂಬುದರಲ್ಲಿಯೂ ಐದೇ.